ಮೋಟಾರು ಬದಲಿಸುವ ಮುಂಚೆ: ರಟ್ಟಿನ ಪೆಟ್ಟಿಗೆ ಘಟಕವೊಂದರ ಡ್ರೈವ್ ಪ್ರಕರಣ

ಹಿನ್ನೆಲೆ

ಇದು ಮಧ್ಯಮ ಗಾತ್ರದ ಒಂದು ರಟ್ಟಿನ ಪೆಟ್ಟಿಗೆ ಘಟಕದಲ್ಲಿ ನಡೆದದ್ದು. ಘಟಕ ಯಾವುದು, ಎಲ್ಲಿದೆ, ಯಂತ್ರಗಳು ಯಾವ ಕಂಪನಿಯವು ಅನ್ನೋದನ್ನು ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಅಳತೆಗಳನ್ನೂ ಸುಲಭದ ಅಂಕಿಗಳಿಗೆ ತಂದಿದ್ದೇನೆ. ಅವುಗಳ ನಡುವಿನ ಅನುಪಾತ ಮಾತ್ರ ಕೆಡದ ಹಾಗೆ ನೋಡಿಕೊಂಡಿದ್ದೇನೆ. ಕರೆಂಟ್ ಎಲ್ಲಿ ಎಷ್ಟು ಹೋಗುತ್ತಿದೆ ಅಂತ ಪರಿಶೀಲಿಸಿದ ತಂಡದಲ್ಲಿ ನಾನಿದ್ದೆ. ರಟ್ಟಿನ ಯಂತ್ರಗಳ ಡ್ರೈವ್ ಬದಲಿಸುವ ಯೋಚನೆಯಲ್ಲಿರುವವರಿಗೆ ಇದರಿಂದ ಒಂದಷ್ಟು ಖರ್ಚು, ಒಂದಷ್ಟು ತಲೆನೋವು ತಪ್ಪಿದರೆ ಸಾಕು.

ಘಟಕದಲ್ಲಿ ಎರಡು ಸಿಂಗಲ್ ಫೇಸರ್ ಇದ್ದವು. ಬಿಸಿ ರೋಲರ್‌ಗಳ ನಡುವೆ ಕಾಗದಕ್ಕೆ ಅಲೆ ಮೂಡಿಸಿ, ಗಂಜಿ ಅಂಟು ಹಚ್ಚಿ, ಇನ್ನೊಂದು ಕಾಗದಕ್ಕೆ ಕೂಡಿಸುವ ಯಂತ್ರ ಅದು. ಆಮೇಲೆ ಶೀಟು ಕತ್ತರಿಸುವ ಕಟ್ಟರ್, ಪದರ ಅಂಟಿಸುವ ಯಂತ್ರ, ಅಚ್ಚು ಹಾಕಿ ಸೀಳು ಕೊಡುವ ಪ್ರಿಂಟರ್ ಸ್ಲಾಟರ್, ಡೈ (ಬ್ಲೇಡು ಕೂರಿಸಿದ ಹಲಗೆ) ಇಟ್ಟು ಒತ್ತುವ ಪ್ಲಾಟನ್ ಪಂಚಿಂಗ್ ಮಷೀನು, ಹೊಲಿಗೆ, ಜೋಡಿಸಿ ಎತ್ತುವ ಸ್ಟ್ಯಾಕರ್. ಕತ್ತರಿಸಿ ಉಳಿದ ಚೂರನ್ನು ಎಳೆದುಕೊಂಡು ಹೋಗಲು ದೊಡ್ಡದೊಂದು ಬ್ಲೋವರ್. ಒಂದೊಂದು ಯಂತ್ರ ಒಂದೊಂದು ಕಾಲದ್ದು. ಕೆಲವಕ್ಕೆ ವಿಎಫ್‌ಡಿ (ಕರೆಂಟಿನ ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಬದಲಿಸುವ ಸಾಧನ) ಬಂದಿತ್ತು, ಹೆಚ್ಚಿನವಕ್ಕೆ ಬಂದಿರಲಿಲ್ಲ.

ತೊಂದರೆ ಏನಿತ್ತು

ಉತ್ಪಾದನೆ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಆದರೆ ಟನ್ ರಟ್ಟಿಗೆ ಸುಡುವ ಯೂನಿಟ್ ಏರುತ್ತಾ ಹೋಗಿತ್ತು. ದೊಡ್ಡ ಆರ್ಡರ್‌ಗಳು ಕಡಿಮೆಯಾಗಿ, ಸಣ್ಣ ಸಣ್ಣ ಆರ್ಡರ್‌ಗಳು ಜಾಸ್ತಿಯಾಗಿದ್ದವು. ಸಣ್ಣ ಆರ್ಡರ್ ಅಂದರೆ ಪದೇ ಪದೇ ರೀಲು ಬದಲು, ಡೈ ಬದಲು, ನಿಧಾನದ ಓಟ. ಈ ಎರಡಕ್ಕೂ ಸಂಬಂಧ ಇರಬಹುದು ಅಂತ ಆಗ ಯಾರೂ ಯೋಚಿಸಿರಲಿಲ್ಲ.

ಮಾಲೀಕರ ಮೇಜಿನ ಮೇಲೆ ಒಂದು ಕೊಟೇಶನ್ ಸಿದ್ಧವಾಗಿತ್ತು: ಹಳೆಯ ಮೋಟಾರುಗಳನ್ನೆಲ್ಲ ತೆಗೆದು ಐಇ3 ಅನ್ನುವ ದಕ್ಷತೆಯ ದರ್ಜೆಯವನ್ನು ಹಾಕುವುದು. ಈ ದರ್ಜೆಗಳನ್ನು ಐಇಸಿ 60034-30-1 ಅನ್ನುವ ಅಂತರರಾಷ್ಟ್ರೀಯ ಮಾನದಂಡ ನಿಗದಿ ಮಾಡುತ್ತದೆ. ನಾಲ್ಕು ಪೋಲಿನ 15 ಕಿಲೋವ್ಯಾಟ್ ಮೋಟಾರು ತೆಗೆದುಕೊಳ್ಳಿ. 50 ಹರ್ಟ್ಸ್‌ನಲ್ಲಿ ಐಇ1 ಆದರೆ ದಕ್ಷತೆ ಶೇ 88.7, ಐಇ3 ಆದರೆ ಶೇ 92.1. ಮೂರೂವರೆ ಅಂಶದಷ್ಟು ಲಾಭ. ಇಡೀ ವರ್ಷ ಪೂರ್ತಿ ಲೋಡಿನಲ್ಲಿ ಓಡುವ ಮೋಟಾರಿಗೆ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ ಕೊಟೇಶನ್ ತಪ್ಪು ಅಂತ ನಾನು ಹೇಳಲ್ಲ. ಆದರೆ ಮೀಟರಿನಿಂದ ಬಂದ ಕರೆಂಟು ಕಾಗದದ ತನಕ ಹೋಗುವ ದಾರಿಯಲ್ಲಿ ಮೋಟಾರು ಒಂದೇ ಇಲ್ಲವಲ್ಲ. ಕಪ್ಲಿಂಗ್ ಇದೆ, ಬೆಲ್ಟ್ ಇದೆ, ಗೇರ್‌ಬಾಕ್ಸ್ ಇದೆ, ಬೇರಿಂಗ್ ಇದೆ. ಎಲ್ಲಿ ಎಷ್ಟು ಸೋರುತ್ತಿದೆ ಅಂತ ಯಾರೂ ನೋಡಿರಲಿಲ್ಲ.

ಅಳತೆಯಿಂದ ಶುರು

ಘಟಕದ ಎಲೆಕ್ಟ್ರಿಷಿಯನ್ ಹತ್ತಿರ ಒಂದು ಪಟ್ಟಿ ಇತ್ತು. ಪ್ರತಿ ಮೋಟಾರಿಗೂ ಕ್ಲಾಂಪ್ ಮೀಟರ್ ಹಾಕಿ ಬರೆದ ಆಂಪಿಯರ್. ಶ್ರದ್ಧೆಯಿಂದ ಮಾಡಿದ ಕೆಲಸ. ಆದರೆ ಇಂಡಕ್ಷನ್ ಮೋಟಾರಿನ ಆಂಪಿಯರ್ ನೋಡಿ ಕಿಲೋವ್ಯಾಟ್ ಊಹಿಸಲು ಆಗುವುದಿಲ್ಲ. ಮೋಟಾರು ಏನೂ ಕೆಲಸ ಮಾಡದೆ ಸುಮ್ನೆ ತಿರುಗುತ್ತಿದ್ದರೂ ತನ್ನ ಕಾಂತಕ್ಷೇತ್ರ ಹುಟ್ಟಿಸಲು ಕರೆಂಟ್ ಎಳೆಯುತ್ತದೆ. ಆ ಕರೆಂಟ್ ಕ್ಲಾಂಪ್ ಮೀಟರಿನಲ್ಲಿ ದೊಡ್ಡದಾಗಿ ಕಾಣುತ್ತದೆ, ಯೂನಿಟ್ ಲೆಕ್ಕಕ್ಕೆ ಬರುವುದು ಮಾತ್ರ ತುಂಬಾ ಕಡಿಮೆ. ಪಟ್ಟಿಯಲ್ಲಿ ಭಾರೀ ತಿಂಡಿಪೋತ ಅಂತ ಕಾಣಿಸಿಕೊಂಡಿದ್ದ ಒಂದು ಮೋಟಾರು ಅಸಲಿಗೆ ಅಗತ್ಯಕ್ಕಿಂತ ದೊಡ್ಡದಾಗಿತ್ತು ಅಷ್ಟೇ. ಅದು ತಿನ್ನುತ್ತಿದ್ದ ಕಿಲೋವ್ಯಾಟ್ ಕಡಿಮೆ, ಕೆಟ್ಟಿದ್ದದ್ದು ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು.

ಅದಕ್ಕೇ ಮೊದಲ ತೀರ್ಮಾನ: ಮೂರು ಫೇಸಿನ ಪವರ್ ರೆಕಾರ್ಡರ್ ಕಟ್ಟಿ, ಒಂದೊಂದು ಯಂತ್ರವನ್ನೂ ಪೂರ್ತಿ ಕೆಲಸದ ವಾರ ನೋಡುವುದು. ಓಡುವಾಗ ಮಾತ್ರ ಅಲ್ಲ, ರೀಲು ಬದಲಿಸುವಾಗ, ಊಟದ ಬಿಡುವಿನಲ್ಲಿ, ಡೈ ಹೊಂದಿಸುವಾಗ ಕೂಡ. ಜೊತೆಗೆ ಟ್ಯಾಕೋಮೀಟರಿನಿಂದ ಶಾಫ್ಟ್ ವೇಗ. ಆಪರೇಟರ್‌ಗಳು ಒಂದು ಚೀಟಿಯಲ್ಲಿ "ಓಡ್ತಾ ಇದೆ", "ನಿಂತಿದೆ", "ಪೇಪರ್ ಹಾಕ್ತಾ ಇದೀವಿ" ಅಂತ ಸಮಯದ ಜೊತೆ ಬರೆಯಬೇಕು. ಈ ಚೀಟಿ ಇಲ್ಲದಿದ್ದರೆ ರೆಕಾರ್ಡರಿನ ಗೆರೆಗೆ ಅರ್ಥವೇ ಇರುತ್ತಿರಲಿಲ್ಲ.

ಕೊಟೇಶನ್ ತಡೆಹಿಡಿದಿದ್ದಕ್ಕೆ ಮಾಲೀಕರಿಗೆ ಮೊದಲು ಅಸಮಾಧಾನ ಆಯಿತು. ಇನ್ನಷ್ಟು ದಿನ ಕರೆಂಟ್ ಹಾಳು ಅಂತ ಅವರ ವಾದ. ಒಪ್ಪುವ ವಾದವೇ. ಆದರೂ ಕಾಯಲು ಒಪ್ಪಿದರು. ಈ ಪ್ರಕರಣದ ಮೊದಲ ತಿರುವು ಅದೇ.

ನೇರವಾಗಿ ಹೋದ ಗೆರೆ

ಮೊದಲನೇ ಸಿಂಗಲ್ ಫೇಸರ್‌ನ ಗೆರೆ ನೋಡಿ ಎಲ್ಲರಿಗೂ ಅಚ್ಚರಿ. ಚೀಟಿಯ ಪ್ರಕಾರ ಯಂತ್ರ ಒಮ್ಮೆ ಜೋರಾಗಿ, ಒಮ್ಮೆ ಅರ್ಧ ವೇಗದಲ್ಲಿ ಓಡಿತ್ತು. ರೆಕಾರ್ಡರಿನ ಗೆರೆ ಮಾತ್ರ ಹೆಚ್ಚುಕಡಿಮೆ ಸಮವಾಗಿತ್ತು. ಜೋರಾಗಿ ಓಡಿದಾಗ ಎಷ್ಟು ಕಿಲೋವ್ಯಾಟೋ, ಅರ್ಧ ವೇಗದಲ್ಲೂ ಅಷ್ಟೇ. ಕಾಗದ ಅರ್ಧದಷ್ಟೇ ಹೊರಬರುತ್ತಿದೆ, ಕರೆಂಟ್ ಪೂರ್ತಿ ಹೋಗುತ್ತಿದೆ!

ಕಾರಣ ಡೈನೋ ಡ್ರೈವ್. ಎಡ್ಡಿ ಕರೆಂಟ್ ಕಪ್ಲಿಂಗ್ ಇರುವ ಮೋಟಾರಿಗೆ ಫ್ಲೋರಿನಲ್ಲಿ ಹಾಗೇ ಹೇಳುತ್ತಾರೆ. ಇದರಲ್ಲಿ ಮೋಟಾರು ಯಾವಾಗಲೂ ಪೂರ್ತಿ ವೇಗದಲ್ಲೇ ತಿರುಗುತ್ತದೆ. ಅದಕ್ಕೆ ಕೂಡಿದ ಡ್ರಮ್ಮಿಗೂ ಯಂತ್ರದ ಕಡೆಯ ಶಾಫ್ಟಿಗೂ ನೇರ ಹಿಡಿತ ಇರುವುದಿಲ್ಲ. ನಡುವಿನ ತಂತಿ ಸುರುಳಿಗೆ ಕೊಡುವ ಡಿಸಿ ಕರೆಂಟನ್ನು ಹೆಚ್ಚುಕಡಿಮೆ ಮಾಡಿ ಹಿಡಿತ ಬಿಗಿ ಅಥವಾ ಸಡಿಲ ಮಾಡುತ್ತಾರೆ. ಸಡಿಲ ಮಾಡಿದರೆ ಯಂತ್ರ ನಿಧಾನ. ಸರಳ, ಗಟ್ಟಿಮುಟ್ಟು, ಯಾವ ವೈಂಡಿಂಗ್ ಅಂಗಡಿಯಲ್ಲೂ ರಿಪೇರಿ ಆಗುತ್ತದೆ. ಒಂದು ಕಾಲಕ್ಕೆ ವೇಗ ಬದಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ಈ ಯಂತ್ರಗಳಿಗೆ ಸುಲಭವಾಗಿ ಸಿಗುತ್ತಿರಲಿಲ್ಲ.

ಆದರೆ ಅದರ ಲೆಕ್ಕ ಕಟುವಾದದ್ದು. ಕಪ್ಲಿಂಗಿನ ಎರಡೂ ಕಡೆ ಟಾರ್ಕ್ (ತಿರುಗಿಸುವ ಬಲ) ಒಂದೇ. ವೇಗ ಮಾತ್ರ ಬೇರೆ. ಮೋಟಾರು ನಿಮಿಷಕ್ಕೆ 1440 ಸುತ್ತು, ಯಂತ್ರದ ಕಡೆ 720 ಸುತ್ತು ಅಂದರೆ, ಮೋಟಾರು ಕೊಟ್ಟ ಶಕ್ತಿಯಲ್ಲಿ ಅರ್ಧ ಯಂತ್ರಕ್ಕೆ, ಉಳಿದರ್ಧ ಡ್ರಮ್ಮಿನಲ್ಲಿ ಬಿಸಿಯಾಗಿ ಗಾಳಿಗೆ. ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಬೇಕಾದಷ್ಟು ನೀರು ಕೊಡಕ್ಕೆ ಹಿಡಿದು ಉಳಿದದ್ದನ್ನು ಚರಂಡಿಗೆ ಬಿಟ್ಟ ಹಾಗೆ. ಆ ಬಿಸಿ ಎಷ್ಟಿತ್ತು ಅಂದರೆ, ಅಂಟಿನ ಕೆಲಸ ಮಾಡುವ ಹುಡುಗ ತನ್ನ ಒದ್ದೆ ಕೈಗವಸುಗಳನ್ನು ದಿನಾ ಕಪ್ಲಿಂಗಿನ ಜಾಲರಿಯ ಮುಂದೆ ತಂತಿಯಲ್ಲಿ ನೇತುಹಾಕುತ್ತಿದ್ದ. ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತಿದ್ದವು.

ಅಂಕಿ ಹಾಕಿ ನೋಡೋಣ. ಆ ವೇಗದಲ್ಲಿ ಯಂತ್ರಕ್ಕೆ ಬೇಕಿದ್ದದ್ದು 6 ಕಿಲೋವ್ಯಾಟ್. ಡೈನೋ ಇದ್ದಾಗ ಮೋಟಾರು ಅದರ ಎರಡರಷ್ಟು, ಅಂದರೆ 12 ಕಿಲೋವ್ಯಾಟ್ ಕೊಡಬೇಕು. ಮೋಟಾರಿನ ದಕ್ಷತೆಯನ್ನೂ ಸೇರಿಸಿದರೆ ಮೀಟರಿನಿಂದ ಹೋಗುವುದು ಸುಮಾರು 13.6. ಕೊಟೇಶನ್‌ನಲ್ಲಿ ಇದ್ದ ಹಾಗೆ ಮೋಟಾರು ಮಾತ್ರ ಐಇ3 ಮಾಡಿದ್ದರೆ? ಅದು 13ಕ್ಕೆ ಇಳಿಯುತ್ತಿತ್ತು. ಡೈನೋವನ್ನೇ ತೆಗೆದು, ವಿಎಫ್‌ಡಿ ಹಾಕಿ ಮೋಟಾರನ್ನೇ ನಿಧಾನ ಮಾಡಿದರೆ? ವಿಎಫ್‌ಡಿಯ ನಷ್ಟ, ಕಡಿಮೆ ವೇಗದಲ್ಲಿ ಮೋಟಾರಿನ ನಷ್ಟ ಎಲ್ಲ ಸೇರಿಸಿದರೂ ಸುಮಾರು 7. ಒಂದು ದಾರಿಯಲ್ಲಿ ಉಳಿಯುವುದು ಅರ್ಧ ಕಿಲೋವ್ಯಾಟ್ ಚಿಲ್ಲರೆ, ಇನ್ನೊಂದರಲ್ಲಿ ಆರೂವರೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಲೇಬೇಕು. ವಿಎಫ್‌ಡಿ ಅಂದ ತಕ್ಷಣ "ವೇಗ ಸ್ವಲ್ಪ ಇಳಿಸಿದರೆ ಕರೆಂಟ್ ಅರ್ಧ ಆಗುತ್ತೆ" ಅನ್ನುವವರು ಜಾಸ್ತಿ. ಅದು ಫ್ಯಾನು, ಸೆಂಟ್ರಿಫ್ಯೂಗಲ್ ಪಂಪಿನ ಲೆಕ್ಕ. ಅಲ್ಲಿ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಸಿಂಗಲ್ ಫೇಸರ್, ಸ್ಲಾಟರ್, ಕಟ್ಟರ್ ಎಲ್ಲ ಹೆಚ್ಚುಕಡಿಮೆ ಒಂದೇ ಟಾರ್ಕ್ ಕೇಳುವ ಯಂತ್ರಗಳು. ವೇಗ ಅರ್ಧ ಮಾಡಿದರೆ ಶಕ್ತಿಯೂ ಅರ್ಧ, ಆದರೆ ಒಂದು ಮೀಟರ್ ರಟ್ಟಿಗೆ ತಗಲುವ ಶಕ್ತಿ ಅಷ್ಟೇ. ಇಲ್ಲಿ ಉಳಿತಾಯ ಬಂದದ್ದು ಯಂತ್ರ ನಿಧಾನವಾಗಿದ್ದರಿಂದಲ್ಲ, ಕಪ್ಲಿಂಗ್ ಜಾರುವುದು ನಿಂತಿದ್ದರಿಂದ.

ಭಯಕ್ಕೆ ಕಾರಣ ಇತ್ತು

ಲೆಕ್ಕ ಸ್ಪಷ್ಟವಾದರೂ ಪ್ರೊಡಕ್ಷನ್ ನೋಡಿಕೊಳ್ಳುವವರು ಒಪ್ಪಲಿಲ್ಲ. "ಸರ್, ಡೈನೋ ಕೆಟ್ಟರೆ ಸಂಜೆಯೊಳಗೆ ರೆಡಿ ಮಾಡಿಸ್ತೀನಿ. ವಿಎಫ್‌ಡಿ ಕಾರ್ಡ್ ಹೋದರೆ ಲೈನ್ ಎಷ್ಟು ದಿನ ನಿಲ್ಲುತ್ತೆ ಹೇಳಿ?" ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವವರನ್ನು ನೋಡಿದ್ದೇನೆ. ಅದು ಸರಿಯಲ್ಲ. ಸಿಂಗಲ್ ಫೇಸರ್ ಸುತ್ತ ಹಬೆ ಇರುತ್ತದೆ, ಗಂಜಿ ಚಿಮ್ಮುತ್ತದೆ, ಕಾಗದದ ಧೂಳು ಹತ್ತಿಯ ಹಾಗೆ ಎಲ್ಲ ಕಡೆ ಕೂರುತ್ತದೆ. ಹಳೆಯ ಮೋಟಾರಿನ ರೆಕ್ಕೆಗಳ ಸಂದು ಪೂರ್ತಿ ತುಂಬಿ ಬೂದು ಬಣ್ಣದ ಕಂಬಳಿ ಹೊದ್ದಿದಂತಿತ್ತು. ಅಂಥ ಜಾಗದಲ್ಲಿ ಎಲೆಕ್ಟ್ರಾನಿಕ್ಸ್ ಇಡುವ ಮುಂಚೆ ಯೋಚಿಸಬೇಕು, ಅಲ್ವಾ?

ಕೊನೆಗೆ ಒಪ್ಪಿಗೆ ಆದದ್ದು ಹೀಗೆ. ವಿಎಫ್‌ಡಿ ಪ್ಯಾನೆಲ್ ಯಂತ್ರದ ಪಕ್ಕ ಬೇಡ, ಗೋಡೆಯ ಆಚೆಯ ಎಲೆಕ್ಟ್ರಿಕಲ್ ಕೋಣೆಯಲ್ಲಿ. ನಡುವೆ ಶೀಲ್ಡ್ ಇರುವ ಕೇಬಲ್. ಮೋಟಾರು ವಿಎಫ್‌ಡಿಗೆ ಹೊಂದುವ ಇನ್ಸುಲೇಶನ್ ಇರುವಂಥದ್ದೇ. ಕಾಗದ ಹಾಕುವಾಗ ಯಂತ್ರ ತೀರಾ ನಿಧಾನ ತಿರುಗುತ್ತದೆ, ಆದರೆ ಟಾರ್ಕ್ ಪೂರ್ತಿ ಬೇಕು. ಶಾಫ್ಟಿಗೇ ಕೂಡಿದ ಫ್ಯಾನು ಆಗ ಗಾಳಿ ಬೀಸುವುದಿಲ್ಲ. ಅದಕ್ಕಾಗಿ ಮೋಟಾರಿನ ಹಿಂದೆ ತನ್ನದೇ ಕರೆಂಟಿನಲ್ಲಿ ಓಡುವ ಬೇರೆ ಫ್ಯಾನು. ಆಪರೇಟರ್ ಮುಂದೆ ಇದ್ದ ವೇಗದ ಗುಂಡಿ ಹಳೆಯ ಜಾಗದಲ್ಲೇ, ಹಳೆಯ ಗಾತ್ರದಲ್ಲೇ.

ಅದಕ್ಕಿಂತ ಮುಖ್ಯವಾದದ್ದು ಬೇಸ್ ಪ್ಲೇಟು. ಹೊಸ ಮೋಟಾರಿಗೆ ಮಾಡಿಸಿದ ಪ್ಲೇಟಿನಲ್ಲಿ ಹಳೆಯ ಡೈನೋ ಕೂಡ ಕೂರುವ ಹಾಗೆ ತೂತು ಹಾಕಿಸಿದರು. ಅದರ ಪುಲ್ಲಿ, ಕಂಟ್ರೋಲರ್ ಸಮೇತ ಡೈನೋವನ್ನು ಗ್ರೀಸ್ ಹಚ್ಚಿ ಸ್ಟೋರಿನಲ್ಲಿ ಇಟ್ಟರು. ವಿಎಫ್‌ಡಿ ಕೈಕೊಟ್ಟರೆ ಒಂದು ಶಿಫ್ಟಿನೊಳಗೆ ಹಳೆಯದನ್ನು ವಾಪಸ್ ಕೂರಿಸಬಹುದು. ಈ ಉಪಾಯ ಹೊಳೆದದ್ದು ಫಿಟ್ಟರ್ ಒಬ್ಬರಿಗೆ. ಪ್ರೊಡಕ್ಷನ್ ಕಡೆಯ ವಿರೋಧ ಕರಗಿದ್ದು ನಮ್ಮ ಲೆಕ್ಕದಿಂದಲ್ಲ, ಈ ತೂತುಗಳಿಂದ.

ಬದಲಿಸಿದ ಮೇಲೆ ಅದೇ ಕಾಗದ, ಅದೇ ಫ್ಲೂಟ್ (ಕಾಗದದ ಅಲೆ), ಅದೇ ವೇಗ ಇಟ್ಟು ಅಳೆದೆವು. ಅರ್ಧ ವೇಗದಲ್ಲಿ ಏಳರ ಹತ್ತಿರ ಬಂತು. ಗೆರೆ ಈಗ ವೇಗದ ಜೊತೆ ಏರಿಳಿಯುತ್ತಿತ್ತು.

ಬ್ಲೋವರ್: ಒಳ್ಳೆಯ ಮೋಟಾರು, ಹೆಚ್ಚಿನ ಯೂನಿಟ್

ನಾವು ಅಳತೆ ಮಾಡುತ್ತಿದ್ದಾಗಲೇ ಚೂರು ಎಳೆಯುವ ಬ್ಲೋವರಿನ ಮೋಟಾರು ಸುಟ್ಟಿತು. ಅದು 18.5 ಕಿಲೋವ್ಯಾಟಿನದು. ತುರ್ತಾಗಿ ಐಇ3 ತಂದು ಕೂರಿಸಿದರು. ತಪ್ಪೇನಿಲ್ಲ. ಆದರೆ ಮುಂದಿನ ದಾಖಲೆಯಲ್ಲಿ ಬ್ಲೋವರಿನ ಯೂನಿಟ್ ಇಳಿಯುವ ಬದಲು ಚೂರು ಏರಿತ್ತು. ಹೊಸ ಮೋಟಾರಿನಲ್ಲಿ ದೋಷ ಇದೆ ಅಂತ ವಾಪಸ್ ಕಳಿಸುವ ಮಾತೂ ಬಂತು.

ದೋಷ ಇರಲಿಲ್ಲ. ದಕ್ಷತೆ ಹೆಚ್ಚಿದ ಮೋಟಾರಿನಲ್ಲಿ ಸಾಮಾನ್ಯವಾಗಿ ಸ್ಲಿಪ್ (ಮೋಟಾರು ತನ್ನ ಕಾಂತಕ್ಷೇತ್ರದ ವೇಗಕ್ಕಿಂತ ಹಿಂದೆ ಬೀಳುವುದು) ಕಡಿಮೆ. ಹಳೆಯದು 1445 ಸುತ್ತು ತಿರುಗುತ್ತಿದ್ದರೆ ಹೊಸದು 1470. ಪುಲ್ಲಿಗಳು ಹಳೆಯವೇ. ಹಾಗಾಗಿ ಫ್ಯಾನಿನ ವೇಗ ಶೇ 1.7ರಷ್ಟು ಏರಿತು. ಫ್ಯಾನಿನ ಶಕ್ತಿ ವೇಗದ ಘನ, ಅಂದರೆ ಶೇ 5ಕ್ಕೂ ಜಾಸ್ತಿ. ಮೋಟಾರಿನಿಂದ ಉಳಿದದ್ದು ಶೇ 3.6. ಉಳಿದಿದ್ದಕ್ಕಿಂತ ಹೋಗಿದ್ದೇ ಹೆಚ್ಚು. ಫ್ಯಾನಿಗೆ ಹೊಸ ಮೋಟಾರು ಹಾಕುವವರು ಪುಲ್ಲಿಯ ಲೆಕ್ಕವನ್ನೂ ಹೊಸದಾಗಿ ಮಾಡಬೇಕು. ಇದನ್ನು ಎಷ್ಟೋ ಕಡೆ ಮರೆಯುತ್ತಾರೆ.

ಇಲ್ಲಿ ವಿಎಫ್‌ಡಿಗೆ ನಿಜವಾದ ಕೆಲಸ ಇತ್ತು. ಬ್ಲೋವರಿನ ಬಾಯಿಯಲ್ಲಿ ಗಾಳಿ ತಡೆಯುವ ಒಂದು ಡ್ಯಾಂಪರ್ ಅರ್ಧ ಮುಚ್ಚಿಕೊಂಡು ತುಕ್ಕು ಹಿಡಿದಿತ್ತು. ಅದನ್ನು ಪೂರ್ತಿ ತೆರೆದು, ವೇಗ ಇಳಿಸುತ್ತಾ ಹೋದರು. ಆದರೆ ಇದಕ್ಕೆ ತಳ ಇದೆ. ಕಾಗದದ ಚೂರು ಪೈಪಿನಲ್ಲಿ ಕೂರದೆ ಹೋಗಬೇಕಾದರೆ ಗಾಳಿಗೆ ಸೆಕೆಂಡಿಗೆ ಸುಮಾರು 20 ಮೀಟರ್ ವೇಗ ಬೇಕು. ಇನ್ನೂ ಇಳಿಸಿದಾಗ ಸ್ಲಾಟರಿನ ಉದ್ದನೆಯ ಪಟ್ಟಿ ಚೂರುಗಳು ಮೊದಲ ಬಾಗಿನಲ್ಲೇ ಸಿಕ್ಕಿಕೊಂಡವು. ಸ್ವಲ್ಪ ಮೇಲೇರಿಸಿ, ಮೂಲ ವೇಗದ ಶೇ 90ಕ್ಕೆ ನಿಲ್ಲಿಸಿದರು. 0.9ರ ಘನ 0.73. ಕಾಲು ಭಾಗಕ್ಕಿಂತ ಜಾಸ್ತಿ ಉಳಿತಾಯ, ಪೈಪೂ ಕಟ್ಟಲಿಲ್ಲ. ಸ್ಲಾಟರೂ ಪಂಚಿಂಗೂ ಎರಡೂ ನಿಂತಿದ್ದರೆ ಬ್ಲೋವರ್ ತಾನಾಗಿ ನಿಲ್ಲುವ ಹಾಗೆ ಇಂಟರ್‌ಲಾಕ್ ಕೂಡ ಕೊಟ್ಟರು. ಊಟದ ಬಿಡುವಿನಲ್ಲಿ ಖಾಲಿ ಪೈಪಿಗೆ ಗಾಳಿ ಊದುವುದು ಅಲ್ಲಿಗೆ ನಿಂತಿತು.

ಪಂಚಿಂಗ್ ಮಷೀನು: ವಿಎಫ್‌ಡಿ ಹಾಕಿ ತೆಗೆದದ್ದು

ಈ ಪ್ರಕರಣದಲ್ಲಿ ಕೆಲಸಕ್ಕೆ ಬಾರದೇ ಹೋದ ಪ್ರಯೋಗ ಇದು. ಕಲಿಯಲು ಇರುವುದೂ ಇಲ್ಲೇ ಜಾಸ್ತಿ.

ಸಿಂಗಲ್ ಫೇಸರ್ ಫಲಿತಾಂಶ ನೋಡಿದ ಮೇಲೆ ಘಟಕದವರಿಗೆ ಹುಮ್ಮಸ್ಸು ಬಂತು. ಪ್ಲಾಟನ್ ಪಂಚಿಂಗ್ ಮಷೀನಿಗೂ ವಿಎಫ್‌ಡಿ ಹಾಕೋಣ, ಕೈಯಲ್ಲಿ ಶೀಟು ಕೊಡುವ ಯಂತ್ರ, ದೊಡ್ಡ ಶೀಟಿಗೆ ನಿಧಾನ ಓಡಿಸಬಹುದು, ಕರೆಂಟೂ ಉಳಿಯುತ್ತದೆ ಅಂತ. ಹಾಕಿದರು. ವೇಗ ಶೇ 70ಕ್ಕೆ ಇಳಿಸಿದರು. ತೆಳು ರಟ್ಟು ಸರಾಗವಾಗಿ ಕತ್ತರಿಸಿತು. ಐದು ಪದರದ ರಟ್ಟು, ತುಂಬಾ ಬ್ಲೇಡು ಇರುವ ಡೈ ಬಂದಾಗ ಯಂತ್ರ ಬಾಯಿ ಮುಚ್ಚಿದ ಕಡೆಯೇ ನಿಂತುಬಿಟ್ಟಿತು. ವಿಎಫ್‌ಡಿ ಓವರ್‌ಲೋಡ್ ತೋರಿಸಿ ಟ್ರಿಪ್ ಆಯಿತು. ಫ್ಲೈವೀಲನ್ನು ಹಿಂದಕ್ಕೆ ತಿರುಗಿಸಿ ಬಾಯಿ ಬಿಡಿಸಲು ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಮೂವರು ಹೆಣಗಿದರು.

ವಿಎಫ್‌ಡಿ ಚಿಕ್ಕದಾಯಿತು, ದೊಡ್ಡದು ಹಾಕಿ ಅನ್ನುವ ಸಲಹೆ ಮೊದಲು ಬಂತು. ಆದರೆ ಆ ಯಂತ್ರದಲ್ಲಿ ಕತ್ತರಿಸುವುದು ಮೋಟಾರು ಅಲ್ಲ, ಫ್ಲೈವೀಲು. ಮೋಟಾರು ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಫ್ಲೈವೀಲಿಗೆ ಶಕ್ತಿ ತುಂಬುತ್ತದೆ. ಒತ್ತುವ ಆ ಕ್ಷಣದಲ್ಲಿ ಫ್ಲೈವೀಲು ಸ್ವಲ್ಪ ನಿಧಾನವಾಗಿ ಆ ಶಕ್ತಿಯನ್ನು ಬಿಟ್ಟುಕೊಡುತ್ತದೆ. ಅದರಲ್ಲಿ ಇರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ. ಈ ಯಂತ್ರದ ಫ್ಲೈವೀಲು ನಿಮಿಷಕ್ಕೆ 300 ಸುತ್ತಿನಲ್ಲಿ ಸುಮಾರು 10 ಕಿಲೋಜೂಲ್ ಹಿಡಿದಿಡುತ್ತಿತ್ತು. ವೇಗ ಶೇ 15 ಇಳಿಯುವಷ್ಟು ಬಿಟ್ಟರೆ ಹೊಡೆತಕ್ಕೆ ಸಿಗುವುದು 2.8 ಕಿಲೋಜೂಲ್. ವೇಗ ಶೇ 70ಕ್ಕೆ ಇಳಿಸಿದ ಮೇಲೆ ಅದೇ ಫ್ಲೈವೀಲಿನಲ್ಲಿ ಉಳಿದದ್ದು 5 ಕಿಲೋಜೂಲಿಗಿಂತ ಚೂರು ಕಡಿಮೆ, ಹೊಡೆತಕ್ಕೆ ಸಿಕ್ಕಿದ್ದು 1.4ರಷ್ಟು. ತೆಳು ರಟ್ಟಿಗೆ ಅದು ಸಾಕಾಯಿತು, ದಪ್ಪ ರಟ್ಟಿಗೆ ಸಾಲಲಿಲ್ಲ.

ಇನ್ನೊಂದು ವಿಷಯ ಅಲ್ಲೇ ಗಮನಕ್ಕೆ ಬಂತು. ವಿಎಫ್‌ಡಿಯಲ್ಲಿ ಸ್ಲಿಪ್ ಕಾಂಪನ್ಸೇಶನ್ ಚಾಲೂ ಇತ್ತು. ಅದು ವೇಗ ಇಳಿಯಲು ಬಿಡದೆ ಹಿಡಿದುಕೊಳ್ಳುತ್ತದೆ. ಫ್ಲೈವೀಲು ಶಕ್ತಿ ಕೊಡಬೇಕಾದರೆ ನಿಧಾನ ಆಗಲೇಬೇಕು. ನಿಧಾನ ಆಗಲು ಬಿಡದಿದ್ದರೆ ಪೂರ್ತಿ ಭಾರ ಮೋಟಾರಿನ ಮೇಲೆ. ಪ್ರತಿ ಹೊಡೆತಕ್ಕೂ ಕರೆಂಟ್ ಮೇಲಕ್ಕೆ ಹಾರುತ್ತಿದ್ದದ್ದು ಅದಕ್ಕೇ. ಆ ಸೆಟ್ಟಿಂಗ್ ತೆಗೆದ ಮೇಲೆ ಹಾರುವುದು ಕಡಿಮೆಯಾಯಿತು, ಆದರೆ ಕಡಿಮೆ ವೇಗದಲ್ಲಿ ದಪ್ಪ ರಟ್ಟಿನ ಸಮಸ್ಯೆ ಹಾಗೇ ಉಳಿಯಿತು.

ಉಳಿತಾಯದ ದೃಷ್ಟಿಯಿಂದಲೂ ಅಲ್ಲಿ ಹೆಚ್ಚೇನೂ ಇರಲಿಲ್ಲ. ಒಂದು ಶೀಟು ಕತ್ತರಿಸಲು ಬೇಕಾದ ಶಕ್ತಿ ನಿಧಾನ ಕತ್ತರಿಸಿದರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ತೀರ್ಮಾನ ಬದಲಾಯಿತು: ವೇಗ ಮೊದಲಿನಷ್ಟೇ, ವಿಎಫ್‌ಡಿ ಬೇಡ. ಅದನ್ನು ಬಿಚ್ಚಿ ಬ್ಲೋವರಿಗೆ ಹಾಕಬಹುದೇ ಅಂತ ನೋಡಿದರು, ಗಾತ್ರ ಸಾಲಲಿಲ್ಲ. ಸ್ಟೋರಿಗೆ ಹೋಯಿತು.

ಪಂಚಿಂಗ್‌ನಲ್ಲಿ ನಿಜವಾಗಿ ಸೋರುತ್ತಿದ್ದದ್ದು ಬೇರೆ ಕಡೆ. ಡೈ ಹೊಂದಿಸುವ ಹೊತ್ತಿನಲ್ಲೂ ಮೋಟಾರು, ಫ್ಲೈವೀಲು ತಿರುಗುತ್ತಲೇ ಇದ್ದವು. ಸಣ್ಣ ಆರ್ಡರ್‌ಗಳ ಕಾಲದಲ್ಲಿ ಹೊಂದಿಸುವ ಹೊತ್ತೇ ಓಡುವ ಹೊತ್ತಿನಷ್ಟಾಗಿತ್ತು. "ಆಫ್ ಮಾಡಿ ಆನ್ ಮಾಡಿದರೆ ಜಾಸ್ತಿ ಕರೆಂಟ್ ಎಳೆಯುತ್ತೆ" ಅಂತ ಆಪರೇಟರ್‌ಗಳ ನಂಬಿಕೆ. ಅದರಲ್ಲಿ ಅರ್ಧ ನಿಜ. ನೇರವಾಗಿ ಶುರು ಮಾಡಿದಾಗ, ಫ್ಲೈವೀಲಿಗೆ ಹೋಗುವ ಶಕ್ತಿಯಷ್ಟೇ ಬಿಸಿ ಮೋಟಾರಿನ ರೋಟರಿನಲ್ಲೂ (ತಿರುಗುವ ಭಾಗ) ಹುಟ್ಟುತ್ತದೆ, ಸ್ಟೇಟರಿನದು (ತಿರುಗದ ಭಾಗ) ಬೇರೆ. ಎಲ್ಲ ಸೇರಿ ಸುಮಾರು 30 ಕಿಲೋಜೂಲ್ ಅಂದುಕೊಳ್ಳೋಣ. ಖಾಲಿ ತಿರುಗುವಾಗ ಮೋಟಾರು ಎಳೆಯುತ್ತಿದ್ದದ್ದು 1 ಕಿಲೋವ್ಯಾಟ್. ಅಂದರೆ ಅರ್ಧ ನಿಮಿಷ ಖಾಲಿ ತಿರುಗಿದರೆ ಸಾಕು, ಒಂದು ಸಲ ಶುರು ಮಾಡುವ ಶಕ್ತಿ ಹೋಗಿಬಿಡುತ್ತದೆ. ಮಿತಿ ಇರುವುದು ಯೂನಿಟ್‌ನಲ್ಲಿ ಅಲ್ಲ, ಮೋಟಾರಿನ ಬಿಸಿಯಲ್ಲಿ. ಪದೇ ಪದೇ ಶುರು ಮಾಡಿದರೆ ವೈಂಡಿಂಗ್ ತಡೆಯುವುದಿಲ್ಲ. ಅದಕ್ಕೇ ಟೈಮರನ್ನು 5 ನಿಮಿಷಕ್ಕೆ ಇಟ್ಟರು. ಅಷ್ಟು ಹೊತ್ತು ಕ್ಲಚ್ ಒತ್ತದೆ ಇದ್ದರೆ ಮೋಟಾರು ಆಫ್. ಡೈಗೆ ಕೈ ಹಾಕುವವರಿಗೆ ಟೈಮರ್ ರಕ್ಷಣೆ ಅಲ್ಲ, ಮೇನ್ ಸ್ವಿಚ್ಚಿಗೆ ಬೀಗ ಹಾಕುವ ನಿಯಮ ಮೊದಲಿನಂತೆಯೇ ಇರಬೇಕು ಅಂತ ಅದೇ ದಿನ ಬೋರ್ಡ್ ಬರೆಸಿದರು. ಆ ಬೋರ್ಡ್ ಬೇಕೇ ಬೇಕಿತ್ತು.

ಬೆಲ್ಟು ಮತ್ತು ಗೇರ್‌ಬಾಕ್ಸು

ಬೆಲ್ಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವಿ ಬೆಲ್ಟ್ ಚೆನ್ನಾಗಿದ್ದಾಗ ಶೇ 95ರ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಸಡಿಲಾದರೆ, ಪುಲ್ಲಿಯ ತೋಡು ಸವೆದರೆ, ಇನ್ನೂ ಕೆಲವು ಅಂಶ ಹೋಗುತ್ತದೆ. ಹಲ್ಲಿರುವ ಟೈಮಿಂಗ್ ಬೆಲ್ಟ್ ಶೇ 98ರಷ್ಟು, ಅದೂ ಸ್ಥಿರವಾಗಿ. ಹಾಗಂತ ಎಲ್ಲ ಕಡೆ ಅದನ್ನೇ ಹಾಕಲಿಲ್ಲ. ಪಂಚಿಂಗ್‌ನಂಥ ಹೊಡೆತದ ಯಂತ್ರದಲ್ಲಿ ವಿ ಬೆಲ್ಟ್ ಸಿಕ್ಕಿಕೊಂಡಾಗ ಜಾರಿ ಉಳಿದದ್ದನ್ನು ಕಾಪಾಡುತ್ತದೆ, ಟೈಮಿಂಗ್ ಬೆಲ್ಟ್ ಹಲ್ಲು ಕಳೆದುಕೊಳ್ಳುತ್ತದೆ. ಅಲ್ಲಿ ಒಳಬದಿ ಕಚ್ಚು ಇರುವ ವಿ ಬೆಲ್ಟ್ ಹಾಕಿ, ಬಿಗಿ ಅಳೆಯುವ ಗೇಜು ಕೊಂಡರು. ಬೆರಳಲ್ಲಿ ಒತ್ತಿ ನೋಡುವುದು ನಿಂತಿತು.

ಕನ್ವೇಯರುಗಳಲ್ಲಿ ವರ್ಮ್ ಗೇರ್‌ಬಾಕ್ಸ್ (ಸ್ಕ್ರೂ ಆಕಾರದ ಗೇರು ಹಲ್ಲಿನ ಚಕ್ರವನ್ನು ತಿರುಗಿಸುವಂಥದ್ದು) ಇದ್ದವು. 60ಕ್ಕೆ 1ರಂಥ ಅನುಪಾತದಲ್ಲಿ ಇವುಗಳ ದಕ್ಷತೆ ಶೇ 60ರಿಂದ 70. ಹೆಲಿಕಲ್ ಬೆವೆಲ್ (ಓರೆ ಹಲ್ಲಿನ ಗೇರುಗಳದ್ದು) ಆದರೆ ಶೇ 95ರ ಹತ್ತಿರ. ಕಾಗದದ ಮೇಲೆ ಭಾರೀ ಲಾಭ. ಆದರೆ ಈ ಕನ್ವೇಯರುಗಳ ಮೋಟಾರೇ ಮುಕ್ಕಾಲು ಕಿಲೋವ್ಯಾಟಿನದು, ಓಡುವುದೂ ಬಿಟ್ಟುಬಿಟ್ಟು. ಹಾಗಾಗಿ ಈಗಲೇ ಬೇಡ, ಸವೆದಾಗ ಬದಲಿಸೋಣ ಅಂತಾಯಿತು.

ಒಂದು ಬಾಕ್ಸ್ ಆಗಲೇ ಸವೆದಿತ್ತು, ಸ್ಟ್ಯಾಕರಿನ ಲಿಫ್ಟ್ ಟೇಬಲ್ಲಿನದು. ಅದಕ್ಕೆ ಹೆಲಿಕಲ್ ಬೆವೆಲ್ ಕೂರಿಸಿ ಖಾಲಿ ಟೇಬಲ್ ಮೇಲಕ್ಕೆತ್ತಿ ಮೋಟಾರು ನಿಲ್ಲಿಸಿದಾಗ, ಟೇಬಲ್ ಮೆಲ್ಲಗೆ ಕೆಳಕ್ಕೆ ಜಾರತೊಡಗಿತು. ವರ್ಮ್ ಗೇರಿನ ಘರ್ಷಣೆಯೇ ಇಷ್ಟು ವರ್ಷ ಟೇಬಲ್ಲನ್ನು ಹಿಡಿದಿಟ್ಟಿತ್ತು. ಯಾವ ಘರ್ಷಣೆ ಕರೆಂಟ್ ತಿನ್ನುತ್ತಿತ್ತೋ ಅದೇ ಬ್ರೇಕಿನ ಕೆಲಸವನ್ನೂ ಮಾಡುತ್ತಿತ್ತು. ಕೆಲಸ ನಿಲ್ಲಿಸಿ, ಕರೆಂಟ್ ಹೋದರೆ ತಾನಾಗಿ ಹಿಡಿಯುವ ಬ್ರೇಕ್ ಮೋಟಾರು ಬಂದ ಮೇಲೇ ಲಿಫ್ಟಿಗೆ ರಟ್ಟು ಹೇರಿದರು. ಖಾಲಿ ಟೇಬಲ್ಲಿನಲ್ಲಿ ಪರೀಕ್ಷಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಎತ್ತುವ, ಇಳಿಜಾರಿನ ಯಾವ ಜಾಗದಲ್ಲೂ ಬ್ರೇಕಿನ ಪ್ರಶ್ನೆ ಕೇಳದೆ ವರ್ಮ್ ಗೇರ್ ತೆಗೆಯಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಹಾಗೆಯೇ, ವರ್ಮ್ ಇದೆ ಅಂತ ಬ್ರೇಕ್ ಇಲ್ಲದೆ ಇಷ್ಟು ವರ್ಷ ಓಡಿಸಿದ್ದೂ ಸರಿಯಲ್ಲ. ಕಂಪನ ಇದ್ದರೆ, ಹಲ್ಲು ನಯವಾದರೆ ವರ್ಮ್ ಕೂಡ ಜಾರಬಹುದು.

ಪ್ರಿಂಟರ್ ಸ್ಲಾಟರ್‌ನ ಮುಖ್ಯ ಡ್ರೈವ್ ಮುಟ್ಟಲಿಲ್ಲ. ಅದಕ್ಕೆ ಆಗಲೇ ವಿಎಫ್‌ಡಿ ಇತ್ತು. ಪ್ರಿಂಟ್ ಸಿಲಿಂಡರಿನಿಂದ ಸ್ಲಾಟ್ ಬ್ಲೇಡಿನ ತನಕ ಇರುವ ಗೇರುಗಳ ಸಾಲೇ ಅಚ್ಚು ಮತ್ತು ಸೀಳು ಒಂದಕ್ಕೊಂದು ಕೂಡುವ ಹಾಗೆ ನೋಡಿಕೊಳ್ಳುತ್ತದೆ. ಅದನ್ನು ಬಿಚ್ಚಿ ಬೇರೆ ಬೇರೆ ಸರ್ವೋ ಮೋಟಾರು ಹಾಕುವುದು ಯೂನಿಟ್ ಉಳಿಸುವ ಕೆಲಸ ಅಲ್ಲ, ಹೊಸ ಯಂತ್ರ ಕಟ್ಟುವ ಕೆಲಸ.

ಹಿಂದಿನಿಂದ ಮುಂದಕ್ಕೆ

ಈ ಎಲ್ಲದರ ನಡುವೆ ಕೆಲಸದ ಕ್ರಮವೇ ತಿರುಗಿತು. ಮೊದಲು ಎಲ್ಲರೂ ಮೋಟಾರಿನಿಂದ ಶುರು ಮಾಡುತ್ತಿದ್ದರು. ಈಗ ಕಾಗದ ಮುಟ್ಟುವ ರೋಲರಿನಿಂದ ಹಿಂದಕ್ಕೆ ಹೋಗುತ್ತಾರೆ. ಅದಕ್ಕೆ ಲೆಕ್ಕದ ಕಾರಣ ಇದೆ. ಅರ್ಧ ವೇಗದಲ್ಲಿ ಹಳೆಯ ಸಿಂಗಲ್ ಫೇಸರಿನ ಸರಪಳಿ ಹೀಗಿತ್ತು: ಬೆಲ್ಟ್ 0.94, ಡೈನೋ 0.5, ಮೋಟಾರು 0.885. ಗುಣಿಸಿದರೆ 0.416. ರೋಲರಿನ ಬೇರಿಂಗ್ ಬಿಗಿಯಾಗಿ 1 ಕಿಲೋವ್ಯಾಟ್ ಹೆಚ್ಚು ಬೇಕಾದರೆ ಮೀಟರಿನಲ್ಲಿ 2.4 ಓಡುತ್ತದೆ. ಹೊಸ ಸರಪಳಿಯಲ್ಲಿ ಅದೇ 1 ಕಿಲೋವ್ಯಾಟಿಗೆ ಮೀಟರಿನಲ್ಲಿ 1.2. ಸರಪಳಿಯ ಕೊನೆಯಲ್ಲಿ ಉಳಿಸಿದ್ದು ಹಿಂದೆ ಬರುತ್ತಾ ದೊಡ್ಡದಾಗುತ್ತದೆ. ಗ್ರೀಸಿನ ಡಬ್ಬಿ, ನೇರ ಕೂರಿಸಿದ ಪುಲ್ಲಿ ಇವೇ ಮೊದಲ ಸಾಲಿನ ಕೆಲಸ. ಸಣ್ಣ ಗಾತ್ರದ ಮೋಟಾರು ಸಾಕಾಗುವುದೇ ಅನ್ನುವ ಪ್ರಶ್ನೆ ಇದೆಲ್ಲ ಆದ ಮೇಲೆ ಬರುವುದು.

ಐಇ3 ಕೊಟೇಶನ್ ಪೂರ್ತಿ ರದ್ದಾಗಲಿಲ್ಲ. ಜಾಸ್ತಿ ಹೊತ್ತು, ಜಾಸ್ತಿ ಲೋಡಿನಲ್ಲಿ ಓಡುವ ಕೆಲವು ಮೋಟಾರುಗಳಿಗೆ ಅದು ಉಳಿಯಿತು. ಬಾಕಿಯವಕ್ಕೆ ಒಂದು ನಿಯಮ: ಸುಟ್ಟರೆ ಹಳೆಯದನ್ನು ಮತ್ತೆ ಮತ್ತೆ ವೈಂಡಿಂಗ್ ಮಾಡಿಸುವ ಬದಲು ಹೊಸದು. ಹೊಸದು ತರುವಾಗ ಗಾತ್ರ, ವೇಗ ಎರಡನ್ನೂ ನೋಡುವುದು. ಯೂನಿಟ್ ಲೆಕ್ಕವನ್ನು ಟನ್ನಿಗೆ ಬದಲು ಸಾವಿರ ಚದರ ಮೀಟರ್ ರಟ್ಟಿಗೆ ಬರೆಯತೊಡಗಿದರು, ಶಿಫ್ಟಿಗೊಂದು ಸಾಲು. ದಪ್ಪ ಕಾಗದ ಬಂದ ವಾರ ಟನ್ನಿನ ಲೆಕ್ಕ ಸುಮ್ನೆ ಚೆನ್ನಾಗಿ ಕಾಣುತ್ತಿತ್ತು, ಆ ಮೋಸ ತಪ್ಪಿತು.

ಎರಡನೇ ಸಿಂಗಲ್ ಫೇಸರಿನಲ್ಲಿ ಡೈನೋ ಇನ್ನೂ ಹಾಗೇ ಇದೆ. ಮೊದಲನೆಯದರ ಫಲಿತಾಂಶ ನೋಡಿ ಅದನ್ನೂ ತೆಗೆಯಲು ಮಾಲೀಕರು ಅವಸರ ಪಟ್ಟರು. ಈ ಸಲ ತಡೆದದ್ದು ಎಲೆಕ್ಟ್ರಿಷಿಯನ್. ಅವರೇ ಟ್ಯಾಕೋಮೀಟರ್ ಹಿಡಿದು ನೋಡಿದ್ದರು: ಉದ್ದನೆಯ ಆರ್ಡರ್‌ಗಳೆಲ್ಲ ಆ ಯಂತ್ರಕ್ಕೆ ಹೋಗುತ್ತವೆ, ಅದು ಬಹುಪಾಲು 1250 ಸುತ್ತಿನಲ್ಲೇ ಓಡುತ್ತದೆ. 1440ಕ್ಕೆ 1250 ಅಂದರೆ ಕಪ್ಲಿಂಗಿನಲ್ಲಿ ಹೋಗುವುದು ಶೇ 13 ಮಾತ್ರ, ಮೊದಲನೆಯದರ ಹಾಗೆ ಅರ್ಧ ಅಲ್ಲ. ವಿಎಫ್‌ಡಿಯ ನಷ್ಟ ಕಳೆದರೆ ಸಿಗುವುದು ಇನ್ನೂ ಕಡಿಮೆ. ಫ್ಲೂಟ್ ರೋಲ್ ಸಾಣೆಗೆ ಹೋಗುವಾಗ ಹೇಗೂ ಯಂತ್ರ ನಿಲ್ಲುತ್ತದೆ, ಆಗ ಬದಲಿಸುವುದು ಅಂತ ತೀರ್ಮಾನ ಬರೆದಿಟ್ಟಿದ್ದಾರೆ. ಅಲ್ಲಿಯ ತನಕ ನಿಧಾನ ಓಡುವ ಆರ್ಡರ್ ಯಾವುದೇ ಬಂದರೂ ಮೊದಲನೇ ಯಂತ್ರಕ್ಕೇ ಹಾಕಬೇಕು ಅಂತ ಪ್ಲಾನಿಂಗ್ ಹಾಳೆಯಲ್ಲಿ ಒಂದು ಕಾಲಂ ಸೇರಿಸಿದ್ದಾರೆ.